ಮಾಳಮ್ಮನ ರಕ್ತದಲ್ಲಿ ಕಂಡದ್ದು

ಹೋದ ತಿಂಗಳು, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ತೆಲಂಗಾಣದ ಗಡಿಯೂರು ಝರಾಸಂಗಂನ ನಮ್ಮ ಮನೆಗೆ ಬಂದಿದ್ದರು. ಅವರಲ್ಲೊಬ್ಬಳು, “ಮಹಾದೇವಕ್ಕಾ, ಈಗ ಎಲ್ಲಾ ಮಷೀನೇ ಮಾಡ್ತದ ನೋಡ್ರಿ. ಟ್ಯೂಬ್ ಇಟ್ಟು ಬಟನ್ ಒತ್ತಿದ್ರ ಆತು. ಇದರಾಗ ನಾವು ಮಾಡೋದು ಏನ್ ಉಳದದ?” ಎಂದು ಕೇಳಿದಳು. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮ ಭಾಗದ ಒಂದು ಧರ್ಮಾರ್ಥ ಟ್ರಸ್ಟು ಆಗ ನಾರಾಯಣಖೇಡ್, ತಾಂಡೂರು, ಜಹೀರಾಬಾದ್ ಮೂರೂ ಕಡೆ ಸಣ್ಣ ಆಸ್ಪತ್ರೆಗಳನ್ನು ನಡೆಸುತ್ತಿತ್ತು. ಈಗ ಅವು ಇಲ್ಲ, ಹೆಸರೂ ಬೇಡ. ನನ್ನ ಕೆಲಸದ ವರ್ಷಗಳೆಲ್ಲ ಆ ಮೂರು ಕಟ್ಟಡಗಳಲ್ಲೇ ಕಳೆದವು. ಮೊದಲು ಸೇರಿದ್ದು ನಾರಾಯಣಖೇಡ್‌ಗೆ. ಲ್ಯಾಬ್ ಅಂದರೆ ಒಂದು ಕೋಣೆ. ಕಿಟಕಿಯ ಪಕ್ಕಕ್ಕೆ ಕನ್ನಡಿಯಿಂದ ಬೆಳಕು ಹಿಡಿಯುವ ಹಳೆಯ ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ, ರಕ್ತ ತಿರುಗಿಸುವ ಯಂತ್ರ, ಗಾಜಿನ ಸಿರಿಂಜು ಕುದಿಸುವ ಪಾತ್ರೆ. ಕಿಟಕಿಯಾಚೆ ಮಾರುಕಟ್ಟೆಗೆ ತೊಗರಿ ಹೊತ್ತ ಲಾರಿಗಳು ಹಾದುಹೋದಾಗ ಮೇಜು ನಡುಗಿ ಸ್ಲೈಡಿನ ಮೇಲಿನ ಕಣಗಳೆಲ್ಲ ನಡುಗುತ್ತಿದ್ದವು. ಲಾರಿ ಹೋಗುವವರೆಗೆ ಎಣಿಕೆ ನಿಲ್ಲಿಸಬೇಕು. ರೋಗಿಗಳು ಕನ್ನಡ, ತೆಲುಗು, ದಖನಿ ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದರು. ನನಗೆ ಅದು ಕಷ್ಟವಾಗಲಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ.

ನಾನು ಮಾಡಿದ ಅತಿ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ.

ಗರ್ಭಿಣಿಯರು ಬಂದರೆ ವಿಡಿಆರ್‌ಎಲ್ ಎಂಬ ಪರೀಕ್ಷೆ ಮಾಡುವುದು ರೂಢಿ. ಸಿಫಿಲಿಸ್ ಎಂಬ ಲೈಂಗಿಕ ರೋಗ ಇದೆಯೇ ಎಂದು ನೋಡುವುದು ಅದರ ಉದ್ದೇಶ. ಗಾಜಿನ ಮೇಲೆ ರಕ್ತದ ತಿಳಿಯನ್ನು ಮದ್ದಿನ ಜೊತೆ ಬೆರೆಸಿ ತಿರುಗಿಸುತ್ತೇವೆ. ಸಣ್ಣ ಸಣ್ಣ ಗಂಟು ಕಟ್ಟಿದರೆ ‘ರಿಯಾಕ್ಟಿವ್’. ಒಂದು ಬೆಳಗ್ಗೆ ಮಾಳಮ್ಮ ಎಂಬ ಹೆಣ್ಣುಮಗಳ ರಕ್ತದಲ್ಲಿ ಗಂಟು ಕಂಡವು. ದಟ್ಟವಾಗಿಯೇನೂ ಅಲ್ಲ. ತಿಳಿಯನ್ನು ಇನ್ನಷ್ಟು ತೆಳುಮಾಡಿ ಮತ್ತೆ ನೋಡಬೇಕಿತ್ತು. ಖಚಿತಪಡಿಸುವ ಇನ್ನೊಂದು ಪರೀಕ್ಷೆಗೆ ಹೈದರಾಬಾದಿಗೆ ಕಳಿಸಬೇಕಿತ್ತು. ಹೊರಗೆ ಸಾಲು ಉದ್ದವಿತ್ತು. ‘ವಿಡಿಆರ್‌ಎಲ್: ರಿಯಾಕ್ಟಿವ್’ ಎಂದು ಬರೆದು, ಮಡಚದೆ, ಚೀಟಿಯನ್ನು ಅವಳ ಅತ್ತೆಯ ಕೈಗೆ ಕೊಟ್ಟುಬಿಟ್ಟೆ.

ಮಾಳಮ್ಮ ನ್ಯಾಲ್ಕಲ್ ಕಡೆಯ ಕುರುಬರ ಮನೆಯವಳು. ನಾರಾಯಣಖೇಡ್ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಆಗ ಇಪ್ಪತ್ತು ತುಂಬಿತ್ತೋ ಇಲ್ಲವೋ. ಎರಡು ಬಸಿರು ಇಳಿದುಹೋಗಿ ಇದು ಮೂರನೆಯದು. ಗಂಡ ಬೀರಣ್ಣ ಕುರಿಗಳ ಹಿಂದೆ ಮಂಜೀರಾ ನದಿಯ ದಂಡೆಯತ್ತ ಹೋಗಿದ್ದ. ಡಾಕ್ಟರನ್ನು ಕಾಣುವ ಮೊದಲೇ ಅತ್ತೆ ಆ ಚೀಟಿಯನ್ನು ವರಾಂಡದಲ್ಲಿ ಯಾರಿಗೋ ತೋರಿಸಿದಳು. ಓದಿದವನು ಅದು ಎಂಥ ರೋಗ ಎಂದು ಬಿಡಿಸಿ ಹೇಳಿದ. ಡಾಕ್ಟರ ಕೋಣೆಗೆ ಅವರು ಹೋಗಲೇ ಇಲ್ಲ. ಅದೇ ದಿನ ಮಧ್ಯಾಹ್ನದ ಜೀಪಿನಲ್ಲಿ ಮಾಳಮ್ಮನನ್ನು ಚೀಟಿಯ ಸಮೇತ ತವರಿಗೆ ಕಳಿಸಿದರಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ. ನನ್ನ ಪಾಲಿಗೆ ಅದು ಆ ದಿನದ ರಿಜಿಸ್ಟರಿನಲ್ಲಿ ಒಂದು ಸಾಲು.

ಮೂರು ತಿಂಗಳ ಮೇಲೆ ಒಬ್ಬ ಮುದುಕಿ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದಳು.

“ಇದು ಬರದವರು ಯಾರ್ರಿ?”

ನನ್ನ ಅಕ್ಷರ ನನಗೆ ಗುರುತು ಸಿಕ್ಕಿತು. “ನಾನೇ ಬರ್ದೀನಿ. ಯಾಕವ್ವಾ?”

“ನಾ ಸಾಯವ್ವ. ಮಾಳಮ್ಮನ ತಾಯಿ. ನನ್ನ ಮಗಳು ಕುರಿ ಬಿಟ್ರ ಮನಿ, ಮನಿ ಬಿಟ್ರ ಕುರಿ. ಆಕಿಗೆ ಇಂಥಾದ್ದು ಎಲ್ಲಿಂದ ಬರ್ತದ್ರಿ? ಹೊಟ್ಯಾಗಿಂದೂ ಹೋತು. ಈಗ ಆಕೀನೂ ಹೋಗ್ಲಾಕತ್ತಾಳ. ಹೋಗೋಕಿಂತ ಮೊದಲ ನಿಮ್ಮ ಮುಂದ ಕೂಡಿಸಬೇಕಂತ ಕರ್ಕೊಂಡು ಬಂದೀನಿ. ನೋಡ್ರಿ.”

ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ. ಹಿಂದೆ ಬೆಂಚಿನ ಮೇಲೆ ಮಾಳಮ್ಮ ಕೂತಿದ್ದಳು. ತಲೆಗೂದಲು ಅರ್ಧಕ್ಕರ್ಧ ಉದುರಿತ್ತು. ಎರಡೂ ಕೆನ್ನೆ ಮತ್ತು ಮೂಗಿನ ದಂಡೆಯ ಮೇಲೆ ಕಪ್ಪುಗೆಂಪು ಕಲೆ ಹರಡಿತ್ತು. ಬೆರಳ ಗಂಟುಗಳು ಬಾತು, ಬಳೆ ತೆಗೆಯಲು ಬಾರದೆ ಒಡೆದು ತೆಗೆದಿದ್ದರು. ನಾನು ಸೂಜಿ ಹಾಕುವಾಗಲೂ ಅವಳು ಕೈ ಎಳೆದುಕೊಳ್ಳಲಿಲ್ಲ.

ಬಿಳಿ ಕಣಗಳನ್ನು ಎಣಿಸಿದೆ. ಇರಬೇಕಾದುದಕ್ಕಿಂತ ಬಹಳ ಕಡಿಮೆ. ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಕಡಿಮೆ. ನಾನೇ ತಪ್ಪಿದೆನೇನೋ ಎಂದು ಮತ್ತೊಮ್ಮೆ ರಕ್ತ ತೆಗೆದು ಎಣಿಸಿದೆ. ಅಷ್ಟೇ ಬಂತು. ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಸ್ಪಿರಿಟ್ ದೀಪಕ್ಕೆ ಹಿಡಿದೆ. ಮೇಲ್ಭಾಗ ಹಾಲಿನಂತೆ ಬೆಳ್ಳಗಾಯಿತು. ಮೂತ್ರಪಿಂಡ ಸೋರುತ್ತಿದೆ ಎಂದು ಅದರ ಅರ್ಥ.

ನಮ್ಮ ಡಾಕ್ಟರು ನರಸಿಂಹುಲು ತೆಲುಗಿನವರು. ಮಾತು ಕಡಿಮೆ, ಓದು ಜಾಸ್ತಿ. ನಾನು ಮೂರು ತಿಂಗಳ ಹಿಂದಿನ ಚೀಟಿಯನ್ನೂ ಅಂದಿನ ವರದಿಗಳನ್ನೂ ಅವರ ಮುಂದಿಟ್ಟು ನಡೆದುದನ್ನು ಹೇಳಿದೆ. ಅವರು ಮಾಳಮ್ಮನ ಕೆನ್ನೆ, ಬಾಯಿಯ ಹುಣ್ಣು, ಬೆರಳು ನೋಡಿ ಬಂದು ಒಂದು ದಪ್ಪ ಪುಸ್ತಕ ತೆಗೆದರು. ಲೂಪಸ್ ಎಂಬ ಹೆಸರನ್ನು ರೋಗಿಯ ಎದುರಿನಲ್ಲಿ ನಾನು ಕೇಳಿದ್ದು ಅವತ್ತೇ ಮೊದಲು. ರೋಗಾಣುಗಳ ಮೇಲೆ ಹೋರಾಡಬೇಕಾದ ರಕ್ಷಣೆ ದಿಕ್ಕು ತಪ್ಪಿ ತನ್ನ ಮೈಯನ್ನೇ ಹೊಡೆಯುವ ಕಾಯಿಲೆ ಅದು. ಚರ್ಮ, ಕೀಲು, ಮೂತ್ರಪಿಂಡ, ಬಸಿರು, ಯಾವುದನ್ನೂ ಬಿಡುವುದಿಲ್ಲ.

“ಈ ಕಾಯಿಲೆಯಲ್ಲಿ ವಿಡಿಆರ್‌ಎಲ್ ಸುಳ್ಳುಸುಳ್ಳೇ ಗಂಟು ಕಟ್ಟುತ್ತದೆ,” ಎಂದು ಅವರು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. “ನೀನು ಕಂಡದ್ದು ನಿಜ. ಬರೆದದ್ದು ಅವಸರ. ಕೊಟ್ಟದ್ದು ಬೇರೆಯವರ ಕೈಗೆ.”

ಅದಕ್ಕಿಂತ ಹೆಚ್ಚು ಬಯ್ಯಲಿಲ್ಲ. ಆಮೇಲೆ ಕೇಳಿದರು, “ಎಲ್‌ಇ ಸೆಲ್ ಪರೀಕ್ಷೆ ಕಲಿತಿದ್ದೀಯಾ?”

ತರಬೇತಿಯಲ್ಲಿ ಕಲಿತಿದ್ದೆ. ಮಾಡಿದ್ದೆ, ಆದರೆ ಏನೂ ಕಂಡಿರಲಿಲ್ಲ. ಈಗಿನವರಿಗೆ ಲೂಪಸ್ ಹುಡುಕುವ ಆ ಪರೀಕ್ಷೆಯ ಹೆಸರೇ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಕ್ತವನ್ನು ಹೆಪ್ಪುಗಟ್ಟಲು ಬಿಡಬೇಕು. ಮೈಬಿಸಿಯಷ್ಟೇ ಶಾಖದಲ್ಲಿ ಎರಡು ತಾಸು ಇಡಬೇಕು. ಆಮೇಲೆ ಆ ಹೆಪ್ಪನ್ನು ಸಣ್ಣ ತಂತಿಜಾಲರಿಯಲ್ಲಿ ಕಿವುಚಿ ಸೋಸಿ, ಕಿರಿದಾದ ಕೊಳವೆಯಲ್ಲಿ ಗಿರ್ರನೆ ತಿರುಗಿಸಬೇಕು. ಕೆಂಪು ತಳಕ್ಕೆ ಇಳಿಯುತ್ತದೆ, ಹಳದಿ ತಿಳಿ ಮೇಲೆ ನಿಲ್ಲುತ್ತದೆ. ಎರಡರ ನಡುವೆ ಹಾಲಿನ ಕೆನೆಗಿಂತ ತೆಳುವಾದ ಬಿಳಿ ಪದರ. ಅದನ್ನು ಎತ್ತಿ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಬೇಕು.

ಮಧ್ಯಾಹ್ನ ಮೂರರ ಬಿಸಿಲು ಕನ್ನಡಿಗೆ ಬೀಳುತ್ತಿತ್ತು. ಒಂದು ಸ್ಲೈಡ್ ಪೂರ್ತಿ ನೋಡಿದೆ, ಏನಿಲ್ಲ. ಎರಡನೆಯದರ ಅಂಚಿನಲ್ಲಿ ನಿಂತೆ. ಒಂದು ಬಿಳಿ ಕಣ ತನ್ನ ಅಳತೆ ಮೀರಿ ಉಬ್ಬಿತ್ತು. ಅದರ ಹೊಟ್ಟೆಯೊಳಗೆ ನುಣುಪಾದ, ನೇರಳೆ ಬಣ್ಣದ, ಒಂದೇ ಸಮನಾದ ಒಂದು ಉಂಡೆ. ಕಣದ ಸ್ವಂತ ನಡುಬೀಜ, ಅಂದರೆ ನ್ಯೂಕ್ಲಿಯಸ್, ಜಾಗವಿಲ್ಲದೆ ಗೋಡೆಗೆ ಒತ್ತಿಕೊಂಡು ಬಾಗಿ ಕೂತಿತ್ತು. ಆ ಉಂಡೆ ರೋಗಾಣುವಲ್ಲ. ಅದೇ ಮೈಯ ಇನ್ನೊಂದು ಕಣದ ಬೀಜ. ಮಾಳಮ್ಮನ ಕಾವಲುಗಾರ ಮಾಳಮ್ಮನನ್ನೇ ನುಂಗಿ ನಿಂತಿದ್ದ.

ನಾನು ಕಣ್ಣು ತೆಗೆಯಲಿಲ್ಲ. ಹೆದರಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ಬೆರಗು. ಒಬ್ಬ ಹೆಣ್ಣುಮಗಳ ಕೂದಲು, ಕೆನ್ನೆ, ಬಸಿರು, ಮಾನ ಎಲ್ಲವನ್ನೂ ಕಿತ್ತುಕೊಂಡ ಸಂಗತಿ ಅಲ್ಲಿ, ಕೂದಲೆಳೆಗಿಂತ ಸಣ್ಣ ಜಾಗದಲ್ಲಿ, ಅಷ್ಟು ಚೆಲುವಾಗಿ ಕೂತಿತ್ತು. ಡಾಕ್ಟರನ್ನು ಕರೆದೆ. ಅವರು ಬಹಳ ಹೊತ್ತು ನೋಡಿ, ಎದ್ದು, ತಮ್ಮ ಕುರ್ಚಿಗೆ ಸಾಯವ್ವನನ್ನೇ ಕೂರಿಸಿ ನೋಡಲು ಹೇಳಿದರು. ಮುದುಕಿ ಒಂದು ಕಣ್ಣು ಮುಚ್ಚಿ ನೋಡಿದಳು. “ಇದೇ ಏನ್ರಿ ನನ್ನ ಮಗಳನ್ನ ತಿನ್ಲಾಕತ್ತದ್ದು?” ಎಂದು ಕೇಳಿ, “ಎಷ್ಟ್ ಸಣ್ದದ!” ಎಂದಳು.

ಖಚಿತಪಡಿಸುವ ಪರೀಕ್ಷೆಯ ವರದಿ ಹೈದರಾಬಾದಿನಿಂದ ಬಂತು. ಸಿಫಿಲಿಸ್ ಇಲ್ಲ. ಯಾವತ್ತೂ ಇರಲಿಲ್ಲ. ಮಾಳಮ್ಮನನ್ನು ಅಲ್ಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಸ್ಟೀರಾಯ್ಡ್ ಮಾತ್ರೆ, ಜೊತೆಗೆ ಮಲೇರಿಯಾ ಮದ್ದಿನ ಜಾತಿಯದೇ ಒಂದು ಮಾತ್ರೆ ಶುರುವಾಗಿತ್ತು. ನಾನು ವರದಿ ತೆಗೆದುಕೊಂಡು ಹೋಗಿ ಅವಳ ಮುಂದೆ ಕೂತೆ.

“ನಿನ್ನ ಗಂಡನ ಮನಿಗೆ ಹೋಗಿ ನಾನೇ ಹೇಳ್ತೀನಿ ಮಾಳಮ್ಮಾ. ನೀ ಹೂಂ ಅಂದ್ರ ಮಾತ್ರ. ಎಲ್ಲಾರ ಮುಂದ ಹೇಳ್ಲೋ, ಬೀರಣ್ಣನ ಒಬ್ಬನ ಮುಂದ ಹೇಳ್ಲೋ?”

ಅವಳು ತುಸು ಯೋಚಿಸಿದಳು. “ಹೌದು ಅಂದದ್ದು ಎಲ್ಲಾರೂ ಕೇಳ್ಯಾರ್ರಿ. ಅಲ್ಲ ಅನ್ನೋದೂ ಎಲ್ಲಾರೂ ಕೇಳ್ಲಿ.”

ಆ ಹಳ್ಳಿಗೆ ನಾನು ಮತ್ತು ಡಾಕ್ಟರು ಹೋದೆವು. ಬೀರಣ್ಣನ ಮನೆಯ ಮುಂದಿನ ಕಟ್ಟೆಯ ಮೇಲೆ ಅವರ ಮಂದಿಯೆಲ್ಲ ಸೇರಿದ್ದರು. ಡಾಕ್ಟರು ಮಾತಾಡಲು ಹೊರಟಾಗ ನಾನು ತಡೆದೆ. ಬರೆದವಳು ನಾನು. ಎದ್ದು ನಿಂತು ಹೇಳಿದೆ: ಆ ಚೀಟಿ ಅರ್ಧ ಪರೀಕ್ಷೆಯದು, ನಾನು ಪೂರ್ತಿ ಮಾಡದೆ ಕೊಟ್ಟೆ, ಪೂರ್ತಿ ಮಾಡಿದಾಗ ಆ ರೋಗ ಇಲ್ಲವೆಂದು ಬಂದಿದೆ, ಅವಳದು ಬೇರೆಯೇ ಕಾಯಿಲೆ, ಅದರಲ್ಲಿ ಅವಳ ತಪ್ಪು ಒಂದು ಕೂದಲಿನಷ್ಟೂ ಇಲ್ಲ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಎದ್ದು ಒಳಗೆ ಹೋದಳು. ಬೀರಣ್ಣ ಹೊಸ ವರದಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ.

“ನಾ ಕುರಿ ಹಿಂದ ಹೋಗಿದ್ದೆ ಅಕ್ಕೋರೆ. ತಿರುಗಿ ಬರೂದ್ರಾಗ ಆಕಿ ಇರ್ಲಿಲ್ಲ. ಏನಾಗ್ಯಾದ ಅಂತ ಕೇಳಿದ್ರ ಯಾರೂ ಬಾಯಿ ಬಿಡ್ಲಿಲ್ಲ. ನಾನೂ ಆಮ್ಯಾಲ ಕೇಳ್ಲಿಲ್ಲ. ನಂದೂ ತಪ್ಪದ.” ಅವನು ವರದಿಯನ್ನು ಅಂಗಿಯ ಒಳಗೆ ಇಟ್ಟುಕೊಂಡ. “ಯಾವ ಬಸ್ಸಿಗೆ ಹೋಗ್ಬೇಕ್ರಿ ಹೈದರಾಬಾದಿಗೆ?”

ಅವನು ಹೋದ. ಅವಳು ಗುಣವಾಗಿ ಬಂದಳು ಎನ್ನುವಂತಿಲ್ಲ. ಈ ಕಾಯಿಲೆ ಬಿಟ್ಟುಹೋಗುವುದಿಲ್ಲ, ಮಲಗುತ್ತದೆ, ಎದ್ದೇಳುತ್ತದೆ. ಆದರೆ ಕೂದಲು ಬಂತು. ಕೆಲವು ವರ್ಷಗಳ ಮೇಲೆ, ಹೈದರಾಬಾದಿನ ಡಾಕ್ಟರು ತಿಂಗಳು ತಿಂಗಳು ಕಣ್ಣಿಟ್ಟು ಕಾದದ್ದರಿಂದ ಅವಳಿಗೆ ಒಬ್ಬ ಮಗ ಹುಟ್ಟಿದ. ಅತ್ತೆಯೇ ಬಾಣಂತನ ಮಾಡಿದಳೆಂದು ಕೇಳಿದೆ.

ಅಂದಿನಿಂದ ನಾನು ಯಾವ ವರದಿಯನ್ನೂ ಮಡಚಿ ಅಂಟಿಸದೆ ಕೊಟ್ಟಿಲ್ಲ. ರೋಗಿಯ ಕೈಗಲ್ಲದೆ ಬೇರೆಯವರ ಕೈಗೆ ಕೊಟ್ಟಿಲ್ಲ. ನನ್ನ ಜೊತೆ ಕೆಲಸ ಕಲಿತವರಿಗೆ ಇದು ಕಿರಿಕಿರಿ ಅನ್ನಿಸುತ್ತಿತ್ತು. ಇರಲಿ.

ಆಮೇಲೆ ತಾಂಡೂರಿಗೆ ಬದಲಿ ಮಾಡಿದರು. ಅಲ್ಲಿ ಗಾಳಿಯೆಲ್ಲ ಕಲ್ಲಿನ ಧೂಳು. ನೆಲಕ್ಕೆ ಹಾಸುವ ಕಲ್ಲನ್ನು ಕೊಯ್ದು ನುಣುಪು ಮಾಡುವ ಶೆಡ್ಡುಗಳು ಸಾಲಾಗಿ ಇದ್ದವು. ಅಷ್ಟೊತ್ತಿಗೆ ಎಲ್‌ಇ ಸೆಲ್ ಪರೀಕ್ಷೆ ಹಿಂದೆ ಸರಿದಿತ್ತು. ರಕ್ತದಲ್ಲಿ ತನ್ನ ಮೈಯ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ ಬಂದಿತ್ತು. ಹೈದರಾಬಾದಿನ ಲ್ಯಾಬಿಗೆ ಒಮ್ಮೆ ನೋಡಲು ಹೋಗಿದ್ದೆ. ಕತ್ತಲೆ ಕೋಣೆಯಲ್ಲಿ ವಿಶೇಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಕಣಗಳ ಬೀಜಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಅದನ್ನು ತೋರಿಸಿದ ಹುಡುಗ “ಮುಂದಿನದು ನೋಡೋಣ್ರೀ ಮೇಡಂ” ಎನ್ನುತ್ತಲೇ ಇದ್ದ. ನಾನು ಏಳಲಿಲ್ಲ.

ತಾಂಡೂರಿನಲ್ಲೂ ಒಂದು ತಪ್ಪು ನಡೆಯುವುದರಲ್ಲಿತ್ತು, ಕೂದಲೆಳೆಯಲ್ಲಿ ತಪ್ಪಿತು. ಕಲ್ಲು ಪಾಲಿಶ್ ಮಾಡುವ ಒಬ್ಬ ಗಂಡಾಳು ತಿಂಗಳುಗಳಿಂದ ಜ್ವರ, ಕೀಲುನೋವು ಎಂದು ಬರುತ್ತಿದ್ದ. ಬಿಳಿ ಕಣ ಕಡಿಮೆ, ಮೂತ್ರದಲ್ಲಿ ಸೋರಿಕೆ. ಎಎನ್‌ಎ ಕಳಿಸೋಣವೆಂದರೆ ಅಲ್ಲಿನ ಡಾಕ್ಟರು ನಕ್ಕರು, “ಅದು ಹೆಣ್ಣುಮಕ್ಕಳ ಕಾಯಿಲೆ.” ನಾನೂ ಹಾಗೇ ಕಲಿತಿದ್ದೆ. ಆದರೆ ಆ ಸಂಖ್ಯೆಗಳು ಮಾಳಮ್ಮನ ಸಂಖ್ಯೆಗಳಂತೆಯೇ ಇದ್ದವು. ಕೇಳದೆಯೇ ಕಳಿಸಿ, ಬೈಸಿಕೊಳ್ಳಲು ತಯಾರಾಗಿ ಕೂತೆ. ವರದಿ ಜೋರು ಪಾಸಿಟಿವ್ ಎಂದು ಬಂತು. ಡಾಕ್ಟರು ಬೈಯಲಿಲ್ಲ. ಸಂಜೆ ನನ್ನ ಕೋಣೆಗೆ ಬಂದು, ಕಲ್ಲಿನ ಧೂಳು ಉಸಿರಾಡುವವರಲ್ಲಿ ಇದು ಬರುವುದುಂಟು ಎಂದು ತಾವು ಓದಿದ್ದನ್ನು ಹೇಳಿದರು. ವಂಶದಿಂದ ಬಂದದ್ದೊಂದು, ಊರಿನ ಗಾಳಿ ಸೇರಿಸಿದ್ದು ಇನ್ನೊಂದು. ಎರಡೂ ಸೇರಿದ ಜಾಗದಲ್ಲಿ ಆ ಮನುಷ್ಯ ನಿಂತಿದ್ದ.

ನನ್ನ ಕೊನೆಯ ವರ್ಷಗಳು ಜಹೀರಾಬಾದಿನಲ್ಲಿ. ಅಷ್ಟರಲ್ಲಿ ಎಣಿಸುವ ಮಷೀನು ಬಂದಿತ್ತು, ನನ್ನ ಬೆರಳಿಗೆ ಕೆಲಸವಿಲ್ಲವಾಗಿತ್ತು. ಆಗ ಬಂದವರು ಡಾಕ್ಟರ್ ಫರ್ಹಾನಾ. ಹೈದರಾಬಾದಿನಲ್ಲಿ ಈ ಕಾಯಿಲೆಯದೇ ವೈದ್ಯೆ. ಅಜ್ಜಿಯ ಮನೆ ಬೀದರ್ ಕಡೆ, ಹಾಗಾಗಿ ನಮ್ಮ ಮಾತು ಬರುತ್ತಿತ್ತು. ತಿಂಗಳಿಗೊಮ್ಮೆ ಬಂದು ರೋಗಿಗಳನ್ನು ನೋಡುತ್ತಿದ್ದರು. ಮಾಳಮ್ಮನೂ ಅಲ್ಲಿಗೇ ಬರತೊಡಗಿದಳು. ಒಂದು ದಿನ ಅವರು ನನ್ನನ್ನು ಕೂರಿಸಿಕೊಂಡು, ಸಂಶೋಧನೆಗಾಗಿ ಈ ಭಾಗದವರ ರಕ್ತ ಬೇಕು, ಸಹಾಯ ಮಾಡುತ್ತೀರಾ ಎಂದರು. ಯಾತಕ್ಕೆ ಎಂದು ಕೇಳಿದೆ.

“ಅಕ್ಕಾ, ಈ ಬೀಮಾರಿ ಎಲ್ಲಾರಿಗೂ ಒಂದೇ ಥರ ಬರಂಗಿಲ್ಲ,” ಎಂದರು. “ಯುರೋಪಿನ ಬಿಳಿ ಮಂದಿಗಿಂತ ನಮ್ಮಂಥವರಿಗೆ, ಆಫ್ರಿಕಾ ಮೂಲದವರಿಗೆ ಜಾಸ್ತಿ ಬರ್ತದ, ಕಿಡ್ನಿ ಜಾಸ್ತಿ ಹಿಡಿತದ. ಮೈ ಕಾಯೋ ಫೌಜು, ಸೈನ್ಯ ಅಂದ್ಕೊಳ್ರಿ. ಒಬ್ಬರೊಳಗ ಪ್ರತಿಕಾಯ ಮಾಡೋ ಕಣ ಹೆಚ್ಚು ಎದ್ದಿರ್ತಾವ. ಇನ್ನೊಬ್ಬರೊಳಗ ‘ವೈರಿ ಬಂದ’ ಅಂತ ಕೂಗೋ ಸಂದೇಶ ಜೋರಾಗಿರ್ತದ. ಯಾವ ಮೂಲದವರೊಳಗ ಯಾವುದು ಜೋರು ಅನ್ನೋದು ಬ್ಯಾರೆ ಬ್ಯಾರೆ ಇರ್ತದ. ಆದ್ರ ಪುಸ್ತಕದಾಗ ಬರದದ್ದು ಹೆಚ್ಚಾಗಿ ಆ ಬಿಳಿ ಮಂದಿ ರಗತ ನೋಡಿ ಬರದದ್ದು. ನಮ್ಮ ರಗತ ಕೇಳಿದವರು ಕಡಿಮಿ.”

ನಾನು ಇಷ್ಟು ವರ್ಷ ಸ್ಲೈಡ್ ನೋಡಿದವಳು. ಕಣ ಅಂದರೆ ಕಣ, ಎಲ್ಲರದೂ ಒಂದೇ ಎಂದುಕೊಂಡಿದ್ದೆ. ಒಂದು ಹನಿಯೊಳಗೆ ಅವರ ಹಿರಿಯರು ನಡೆದ ದಾರಿಯೂ ಇದೆ ಎಂದು ಯಾರೂ ಹೇಳಿರಲಿಲ್ಲ. “ಅಂದ್ರ ಜಾತಿ ಗೊತ್ತಾಗ್ತದೇನ್ರಿ ಇದರಾಗ?” ಎಂದು ಕೇಳಿಬಿಟ್ಟೆ.

ಅವರು ಇಲ್ಲವೆಂದು ಗಂಭೀರವಾಗಿ ತಲೆಯಾಡಿಸಿದರು. “ಮೂಲ ಬ್ಯಾರೆ, ಜಾತಿ ಬ್ಯಾರೆ. ನನ್ನ ರಗತ, ನಿಮ್ಮ ರಗತ ಪಕ್ಕಕ್ಕ ಇಟ್ರ ಎಷ್ಟೋ ಕಡೆ ಒಂದೇ ಇರ್ತದ. ಯಾರು ಮ್ಯಾಲ, ಯಾರು ಕೆಳಗ ಅಂತ ಅದರಾಗ ಬರದಿರಂಗಿಲ್ಲ.”

ಕೆಲಸ ಶುರುವಾಯಿತು. ಮೊದಲ ಬಾರಿಗೇ ನಾನು ಎಡವಿದೆ. ರಕ್ತ ಅಂದರೆ ತಣ್ಣಗಿರಬೇಕು ಎಂದು ಬದುಕಿಡೀ ರೂಢಿ. ಎಂಟು ಜನರ ಟ್ಯೂಬುಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು, ಹೆದ್ದಾರಿಯ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಡಬ್ಬಿ ತೆರೆದ ಫರ್ಹಾನಾರ ಮುಖ ಇಳಿಯಿತು. “ಅಕ್ಕಾ, ಇವು ಜೀವಂತ ಕಣ. ಹಂಗೇ ಬೆಚ್ಚಗ ಬರಬೇಕಾಗಿತ್ತು. ಬರ್ಫಿನಾಗ ಇಟ್ರ ಅವುಗಳ ವರ್ತನೇನೇ ಬದಲಾಗ್ತದ.” ಅವರು ಬರೆದುಕೊಟ್ಟ ಕಾಗದ ನನ್ನ ಚೀಲದಲ್ಲೇ ಇತ್ತು. ನಾನು ಓದಿರಲಿಲ್ಲ, ನನಗೆ ಗೊತ್ತು ಎಂದುಕೊಂಡಿದ್ದೆ. ಅನುಭವ ಹೆಚ್ಚಾದವರು ಮಾಡುವ ತಪ್ಪು ಅದು. ಎಂಟು ಮನೆಗೂ ತಿರುಗಿ ಹೋಗಿ ತಪ್ಪೊಪ್ಪಿಕೊಂಡು ಮತ್ತೆ ರಕ್ತ ಕೇಳಬೇಕಾಯಿತು. ಮಾಳಮ್ಮ ತೋಳು ಚಾಚಿ ನಕ್ಕಳು. “ನೀವು ನನ್ನ ರಗತ ಎರಡೆರಡು ಸಲ ತಗೊಳ್ಳೋದು ಹೊಸಾದೇನಲ್ಲ ಬಿಡ್ರಿ.”

ಕಷ್ಟವಾದದ್ದು ಮುಂದೆ. ಕಾಯಿಲೆಯವರ ಜೊತೆ ಹೋಲಿಸಲು ಅದೇ ಮನೆ, ಅದೇ ಊರಿನ ಆರೋಗ್ಯವಂತರ ರಕ್ತವೂ ಬೇಕಿತ್ತು. ಮಾಳಮ್ಮನ ತವರೂರಿನಲ್ಲಿ ಯಾರೂ ತೋಳು ಕೊಡಲಿಲ್ಲ. ಆರಾಮ ಇದ್ದವರ ರಕ್ತ ಯಾಕೆ, ಎಲ್ಲಿ ಮಾರುತ್ತಾರೆ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಫರ್ಹಾನಾ ಪ್ರತಿಯೊಂದಕ್ಕೂ ಉತ್ತರ ಹೇಳಿದರು. ಬೇಡವೆಂದರೆ ಬೇಡ, ಯಾರ ಮೇಲೂ ಬಲವಂತವಿಲ್ಲ ಎಂದರು. ಆದರೂ ಯಾರೂ ಮುಂದೆ ಬರಲಿಲ್ಲ. ಆಗ ಮಾಳಮ್ಮ ಎದ್ದಳು. ಅವಳು ಜನರ ಮುಂದೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

“ನಾ ಈ ಊರಿಗೆ ತಿರುಗಿ ಬಂದಾಗ ನನ್ನ ಕಡೆ ಯಾರೂ ನೋಡ್ಲಿಲ್ಲ. ನೆನಪದನೋ ಇಲ್ಲೋ? ಒಂದು ಚೀಟಿ ನಂಬಿದ್ರಿ. ಆ ಚೀಟಿ ಸುಳ್ಳಾಗಿದ್ದು ಯಾಕ? ನಮ್ಮಂಥವರ ರಗತದಾಗ ಏನದ ಅಂತ ಯಾರಿಗೂ ಪೂರಾ ಗೊತ್ತಿಲ್ಲ, ಅದಕ್ಕ. ಈಗ ಗೊತ್ತು ಮಾಡ್ಕೋತೀವಿ ಅಂತ ಬಂದಾರ. ಬ್ಯಾಡ ಅಂತೀರಾ?”

ಮೊದಲು ತೋಳು ಚಾಚಿದವನು ಅವಳ ಅಣ್ಣ. ಅವನ ಹಿಂದೆ ಒಬ್ಬೊಬ್ಬರೇ ಬಂದರು.

ಫರ್ಹಾನಾ ಬಳಿ ಒಂದು ಫಾರ್ಮ್ ಇತ್ತು. ಅಜ್ಜ-ಅಜ್ಜಿ ಯಾವ ಊರಿನವರು, ಯಾವ ಮಾತು, ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಬರೆಯಬೇಕು. ಅಣ್ಣ ಹೇಳಿದ, “ವಂಶ ಬೇಕಾದ್ರ ಹೆಳವ ಬರೋತನಕ ತಡೀರಿ. ಅಂವ ಬಂದು ಏಳು ತಲಿದು ಹೇಳ್ತಾನ.” ಮನೆಮನೆಗೆ ಬಂದು ವಂಶಾವಳಿ ಹಾಡುವ ಹೆಳವರ ಬಗ್ಗೆ ಫರ್ಹಾನಾ ಕೇಳಿರಲಿಲ್ಲ, ಪೆನ್ನು ಹಿಡಿದು ಆಸೆಯಿಂದ ಕೇಳತೊಡಗಿದರು. ಆಗ ಮೂಲೆಯಲ್ಲಿ ಕೂತಿದ್ದ ಸಾಯವ್ವ ಬಾಯಿ ಹಾಕಿದಳು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು.

“ಹೆಳವ ಗಂಡಸರ ಹೆಸರು ಹೇಳ್ತಾನ. ಹೆಣ್ಮಕ್ಕಳ ಬೀಮಾರಿ ನನ್ನ ಕೇಳ್ರಿ.”

ಅವಳು ಹೇಳಿದಳು. ಅವಳ ಅವ್ವನ ತಂಗಿಯೊಬ್ಬಳ ಕೆನ್ನೆ ಬಿಸಿಲಿಗೆ ಹೋದರೆ ಉರಿದು ಕೆಂಪಾಗುತ್ತಿತ್ತು, ಮೂರು ಬಸಿರು ನಿಲ್ಲಲಿಲ್ಲ, ಮೈ ಬಾತು ಸತ್ತಳು. ಸಾಯವ್ವನ ಸ್ವಂತ ಅಕ್ಕ ಕೂದಲು ಉದುರಿ, ಬೆರಳು ಮಡಚಲು ಬಾರದೆ, ಮದುವೆಯಾದ ಎರಡನೇ ವರ್ಷ ಹೋದಳು. “ದೇವಿ ಮುಟ್ಟ್ಯಾಳ ಅಂದ್ರು. ಮಾಟ ಆಗ್ಯಾದ ಅಂದ್ರು. ನಾ ಸುಮ್ನಿದ್ದೆ. ಯಾರೂ ನನ್ನ ಕೇಳ್ಲಿಲ್ಲ.” ಆಮೇಲೆ ಸೇರಿಸಿದಳು, “ಈಗ ಭಾಗ್ಯಾನ ಬೆರಳು ನೋಡ್ರಿ.”

ಭಾಗ್ಯ ಮಾಳಮ್ಮನ ಅಣ್ಣನ ಮಗಳು. ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ. ಬೆಳಗ್ಗೆ ಎದ್ದಾಗ ಪೆನ್ನು ಹಿಡಿಯಲು ಆಗುವುದಿಲ್ಲ, ಹೊತ್ತೇರಿದ ಮೇಲೆ ಸರಿಹೋಗುತ್ತದೆ ಎಂದಳು. ಶಾಲೆಗೆ ಹೋಗದಿರಲು ನೆಪವೆಂದು ಅಪ್ಪ ಗದರಿಸಿದ್ದನಂತೆ. ಅವನು ತಲೆ ತಗ್ಗಿಸಿ ನಿಂತ. ಅಲ್ಲಿಯೇ ಅವಳ ಮೂತ್ರ ಪರೀಕ್ಷೆ ಮಾಡಿದೆ. ಅದ್ದಿದ ಪಟ್ಟಿಯ ಬಣ್ಣ ತುಸುವೇ ತಿರುಗಿತು. ತುಸುವೇ, ಆದರೆ ತಿರುಗಿತು.

ಮಾಳಮ್ಮನ ಮೂತ್ರ ಹಾಲಿನಂತೆ ಬೆಳ್ಳಗಾದ ಮೇಲೆ ನಾವು ಎಚ್ಚೆತ್ತಿದ್ದೆವು. ಭಾಗ್ಯಳಿಗೆ ಅದೇ ವಾರ ಮದ್ದು ಶುರುವಾಯಿತು. ಇಂದಿಗೆ ಅವಳು ಕಾಲೇಜು ಮುಗಿಸುವ ಹಂತದಲ್ಲಿದ್ದಾಳೆ. ಬಿಸಿಲಿಗೆ ಕೊಡೆ ಹಿಡಿದು ಹೋಗುತ್ತಾಳೆ, ಮಾತ್ರೆ ತಪ್ಪಿಸುವುದಿಲ್ಲ. ಅವಳನ್ನು ಉಳಿಸಿದ್ದು ನನ್ನ ಯಂತ್ರವಲ್ಲ. ಯಾರೂ ಕೇಳದ ಪ್ರಶ್ನೆಯೊಂದು ಫಾರ್ಮಿನಲ್ಲಿತ್ತು, ಅದಕ್ಕೆ ಉತ್ತರ ಒಬ್ಬ ಮುದುಕಿಯ ಎದೆಯಲ್ಲಿತ್ತು. ಬಟನ್ ಒತ್ತುವುದಷ್ಟೇ ಉಳಿದಿದೆ ಎನ್ನುವ ಹುಡುಗಿಯರು ಇದನ್ನು ಗಮನಿಸಲಿ.

ನಾನು ನಿವೃತ್ತಳಾಗುವ ಮೊದಲು ಫರ್ಹಾನಾ ನನ್ನನ್ನೂ ಮಾಳಮ್ಮನನ್ನೂ ತಮ್ಮ ಲ್ಯಾಬಿಗೆ ಕರೆಸಿದರು. ಮಾಳಮ್ಮ ಇಳಕಲ್ ಸೀರೆ ಉಟ್ಟು, ಹೊಸ ಬಳೆ ತೊಟ್ಟು ಬಂದಿದ್ದಳು. ದೊಡ್ಡ ಕಂಪ್ಯೂಟರ್ ಪರದೆಯ ಮುಂದೆ ನಮ್ಮನ್ನು ಕೂರಿಸಿದರು. ಪರದೆಯ ತುಂಬ ಚುಕ್ಕಿಗಳು, ಸಾವಿರಾರು. ಒಂದೊಂದು ಚುಕ್ಕಿಯೂ ಮಾಳಮ್ಮನ ಒಂದೊಂದು ಕಣ. ಪ್ರತಿ ಕಣವನ್ನೂ ಬಿಡಿಬಿಡಿಯಾಗಿ ‘ನೀನು ಈಗ ಏನು ಮಾಡುತ್ತಿದ್ದೀ’ ಎಂದು ಕೇಳಿ ಬರೆದುಕೊಂಡ ಹಾಗೆ ಅದು ಎಂದರು. ಒಂದೇ ಕೆಲಸ ಮಾಡುವವು ಒಂದೆಡೆ ಗುಂಪಾಗಿದ್ದವು. ನಾನು ಕಿಟಕಿಯ ಬೆಳಕಿನಲ್ಲಿ ನೂರು ಕಣ ಎಣಿಸಿ ಕಣ್ಣು ನೋಯಿಸಿಕೊಂಡವಳು.

ಮಾಳಮ್ಮ ಮುಂದಕ್ಕೆ ಬಾಗಿದಳು. “ಗುಡ್ಡದ ಮ್ಯಾಲ ನಿಂತು ಕುರಿ ಹಿಂಡು ನೋಡಿದಂಗ ಕಾಣ್ತದ್ರಿ.”

ಫರ್ಹಾನಾ ಕೆಂಪಾಗಿ ತೋರಿಸಿದ್ದ ಒಂದು ಗುಂಪಿನ ಮೇಲೆ ಬೆರಳಿಟ್ಟರು. “ಇವು ನೋಡು. ವೈರಿ ಇಲ್ಲದಿದ್ರೂ ‘ವೈರಿ ಬಂದ, ವೈರಿ ಬಂದ’ ಅಂತ ಕೂಗ್ಲಾಕತ್ತಾವ.”

“ಯಾಕ್ರಿ ಹಂಗ?”

“ಪೂರಾ ಗೊತ್ತಿಲ್ಲಮ್ಮ. ಹಿಂದಕ ನಿಮ್ಮ ಹಿರಿಯರು ಯಾವ್ಯಾವ ರೋಗದ ನಡುವ ಬದುಕ್ಯಾರೋ. ಇಂಥಾ ಜೋರಿನ ಕಣ ಇದ್ದವರೇ ಆಗ ಉಳಿದಿರಬಹುದು ಅಂತ ಕೆಲವರು ತಿಳ್ಕೊಂಡಾರ. ಇರಬಹುದು. ಇನ್ನೂ ಹುಡುಕ್ಲಾಕತ್ತೀವಿ.”

“ಹಂಗಾದ್ರ ಇವು ಕೂಗಿದ್ದಕ್ಕೇ ಅವರು ಉಳದಾರ. ಅವರು ಉಳದದ್ದಕ್ಕೇ ನಾ ಹುಟ್ಟೀನಿ,” ಎಂದಳು ಮಾಳಮ್ಮ. ಫರ್ಹಾನಾ ಅವಳ ಮುಖವನ್ನೇ ನೋಡುತ್ತಿದ್ದರು.

ಮಾಳಮ್ಮ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋದಳು. ಗಂಟುಗಂಟಾಗಿದ್ದ ಆ ಕೈಯನ್ನು ಎತ್ತಿ, ಕೆಂಪು ಚುಕ್ಕಿಗಳ ಗುಂಪಿನ ಮೇಲೆ ಅಂಗೈ ಇಟ್ಟಳು. ಬೆದರಿದ ಕುರಿಯ ಬೆನ್ನು ಸವರುವವರ ಹಾಗೆ, ಮೆತ್ತಗೆ.

“ಹೋ… ಹೋ… ಯಾರೂ ಬಂದಿಲ್ಲ. ಸುಮ್ಕಿರ್ರಿ,” ಎಂದಳು.